ಉಷ್ಣವನ್ನು ಅಳೆದ ಜೇಮ್ಸ್ ಪ್ರೆಸ್ಕಾಟ್ ಜೂಲ್

ಶರಾವತಿ ನದಿಯು ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕುವ ದೃಶ್ಯವನ್ನು ಸಿದ್ದಾಪುರದ ಕಡೆಯಿಂದಲೋ ಸಾಗರದ ಕಡೆಯಿಂದಲೋ ಒಮ್ಮೆಯಾದರೂ ಕಾಣದವರು ಈ ಸಂಚಿಕೆಯ ವಾಚಕರಲ್ಲಿ ವಿರಳ. ಮುಖಕ್ಕೆ ರಾಚುವ ತಣ್ಣನೆಯ ತುಂತುರಿನಲ್ಲಿ ನಿಂತವನಿಗೆ, ಕೆಳಗಿನ ಮಡುವಿನ ನೀರು ಮೇಲಿನ ಹೊಳೆಯ ನೀರಿಗಿಂತ ತುಸು ಬೆಚ್ಚಗಿರಬೇಕೆಂದು ಯಾರಾದರೂ ಹೇಳಿದರೆ ಅದು ಹಾಸ್ಯವೆಂದೇ ತೋರೀತು. ಆದರೆ ಲೆಕ್ಕ ಹಾಗೆಯೇ ಇದೆ. ನೀರು 427 ಮೀಟರ್ ಎತ್ತರದಿಂದ ಬಿದ್ದು, ಬಿದ್ದ ರಭಸವೆಲ್ಲವೂ ಆ ನೀರಿನಲ್ಲಿಯೇ ಉಷ್ಣವಾಗಿ ಉಳಿದರೆ, ಅದರ ಉಷ್ಣತೆ ಒಂದು ಸೆಂಟಿಗ್ರೇಡ್ ಡಿಗ್ರಿಯಷ್ಟು ಏರುತ್ತದೆ. ಈ ಪ್ರಕಾರ ಜೋಗದಲ್ಲಿ ಏರಬೇಕಾದದ್ದು 0.59 ಡಿಗ್ರಿ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಇಳಿಯುವುದರಿಂದ ಅಲ್ಲಿ 0.27 ಡಿಗ್ರಿ. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿ ಹಂತಹಂತವಾಗಿ ಸುಮಾರು 200 ಮೀಟರ್ ಇಳಿಯುತ್ತದೆ. ಅಲ್ಲಿ ಅರ್ಧ ಡಿಗ್ರಿಗೆ ಸ್ವಲ್ಪ ಕಡಿಮೆ.

ಈ ಲೆಕ್ಕವನ್ನು ಜಗತ್ತಿಗೆ ಕೊಟ್ಟವನು ಜೇಮ್ಸ್ ಪ್ರೆಸ್ಕಾಟ್ ಜೂಲ್. ಆತ ವಿಶ್ವವಿದ್ಯಾಲಯದಲ್ಲಿ ಕಲಿತವನಲ್ಲ, ಕಲಿಸಿದವನೂ ಅಲ್ಲ. ಮನೆಯಲ್ಲಿ ತನ್ನ ಖರ್ಚಿನಿಂದ ಕಟ್ಟಿಕೊಂಡ ತಾಮ್ರದ ಪಾತ್ರೆಯೊಂದನ್ನೂ ಅತ್ಯಂತ ಸೂಕ್ಷ್ಮವಾದ ಉಷ್ಣತಾಮಾಪಕವೊಂದನ್ನೂ ನೆಚ್ಚಿ, ತನ್ನ ಕಾಲದ ಪಂಡಿತರೆಲ್ಲ ಒಪ್ಪಿಕೊಂಡಿದ್ದ ಸಿದ್ಧಾಂತವನ್ನು ಎದುರಿಸಿ ನಿಂತವನು.

ಜೂಲ್ ಹುಟ್ಟಿದ್ದು 1818ನೆಯ ಇಸವಿ ಡಿಸೆಂಬರ್ 24ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಅಂಟಿಕೊಂಡ ಸಾಲ್ಫರ್ಡ್ ಪಟ್ಟಣದಲ್ಲಿ. ತಂದೆ ಬೆಂಜಮಿನ್ ಜೂಲ್ ಬಿಯರ್ ತಯಾರಿಸುವ ದೊಡ್ಡ ಕಾರ್ಖಾನೆಯ ಒಡೆಯ. ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಈ ವಿಷಯವನ್ನು ಹೇಳಲು ಲೇಖನಿ ಸ್ವಲ್ಪ ಅಳುಕುವುದು ಸಹಜ. ಆದರೆ ಹೇಳದೆ ಗತ್ಯಂತರವಿಲ್ಲ. ಏಕೆಂದರೆ ಹುಳಿಯುವ ರಸದ ಉಷ್ಣತೆ ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೂ ಇಡೀ ತೊಟ್ಟಿಯ ಸರಕು ಕೆಡುವ ಉದ್ಯಮವದು. ಉಷ್ಣತಾಮಾಪಕವು ಅಲ್ಲಿ ದಿನನಿತ್ಯದ ಉಪಕರಣವಾಗಿತ್ತು. ನಮ್ಮ ಸೀಮೆಯ ಆಲೆಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತ ಅನುಭವಿಯು ಪಾಕದ ನೊರೆಯನ್ನೂ ಎಳೆಯನ್ನೂ ನೋಡಿ ಜೋನಿ ಬೆಲ್ಲದ ಹದವನ್ನು ಹೇಳುತ್ತಾನಲ್ಲವೆ? ಅದೇ ಹದವನ್ನು ಅಂಕಿಗಳಲ್ಲಿ ಓದುವ ಅಭ್ಯಾಸ ಜೂಲನಿಗೆ ಮನೆತನದಿಂದ ಬಂದಿತು.

ಬಾಲ್ಯದಲ್ಲಿ ಆತನ ಶರೀರ ದುರ್ಬಲವಾಗಿತ್ತು, ಬೆನ್ನುಮೂಳೆಯ ತೊಂದರೆಯೂ ಇತ್ತು. ಸ್ವಭಾವ ಬಹಳ ಸಂಕೋಚದ್ದು. ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಪಾಠ ಹೇಳಿಸಿದರು. 1834ರಲ್ಲಿ ತಂದೆಯು ಆತನನ್ನೂ ಅಣ್ಣನನ್ನೂ ಜಾನ್ ಡಾಲ್ಟನ್‌ನ ಬಳಿಗೆ ಪಾಠಕ್ಕೆ ಕಳುಹಿಸಿದನು. ಪರಮಾಣುವಾದವನ್ನು ಪ್ರತಿಪಾದಿಸಿ ಲೋಕವಿಖ್ಯಾತನಾಗಿದ್ದ ಡಾಲ್ಟನ್ ಆಗಲೂ ಹುಡುಗರಿಗೆ ಲೆಕ್ಕ ಹೇಳಿಕೊಟ್ಟು ಜೀವಿಸುತ್ತಿದ್ದನು. ಆ ಗುರುವು ಎರಡು ವರ್ಷ ಅಂಕಗಣಿತ ಮತ್ತು ರೇಖಾಗಣಿತಗಳನ್ನೇ ತಿದ್ದಿಸಿದನು. ರಸಾಯನಶಾಸ್ತ್ರದ ಪಾಠ ಆರಂಭವಾಗುವಷ್ಟರಲ್ಲಿ ಪಾರ್ಶ್ವವಾಯು ಬಡಿದು ಪಾಠ ನಿಂತಿತು. ಶಿಷ್ಯನಿಗೆ ದೊರೆತದ್ದು ಇಷ್ಟೇ. ಆದರೂ ತನ್ನ ಸಲಕರಣೆಗಳಿಂದ ತಾನೇ ಪ್ರಯೋಗ ಮಾಡಬೇಕೆಂಬ ಹಂಬಲ ಹುಟ್ಟಿದ್ದು ಆ ಮುದುಕನ ಸಾನ್ನಿಧ್ಯದಲ್ಲಿಯೇ ಎಂದು ಜೂಲ್ ಕೊನೆಯವರೆಗೂ ನೆನೆಯುತ್ತಿದ್ದನು. ಅಣ್ಣತಮ್ಮಂದಿರು ಮನೆಯವರಿಗೂ ಆಳುಗಳಿಗೂ ವಿದ್ಯುತ್ತಿನ ಆಘಾತ ಕೊಟ್ಟು ನೋಡುತ್ತಿದ್ದ ಕಥೆಗಳೂ ಇವೆ, ಅವು ಅನುಕರಣಯೋಗ್ಯವಲ್ಲ.

ಹತ್ತೊಂಬತ್ತನೆಯ ವಯಸ್ಸಿಗೆ ಜೂಲ್ ಕಾರ್ಖಾನೆಯ ಉಗಿಯಂತ್ರವನ್ನು ತೆಗೆದು ಅಲ್ಲಿ ವಿದ್ಯುತ್ ಮೋಟಾರನ್ನು ಕೂಡಿಸುವ ಕನಸು ಕಂಡನು. ಆ ಕನಸು ಮುರಿಯಿತು. ಬ್ಯಾಟರಿಯಲ್ಲಿ ಸವೆಯುವ ಸತುವಿನ ಬೆಲೆಯನ್ನೂ ಒಲೆಯಲ್ಲಿ ಉರಿಯುವ ಕಲ್ಲಿದ್ದಲಿನ ಬೆಲೆಯನ್ನೂ ತೂಗಿ ನೋಡಿದಾಗ ಕಲ್ಲಿದ್ದಲೇ ಗೆದ್ದಿತು. ವ್ಯಾಪಾರಿಯ ಮಗನಾದ ಆತ ಲೆಕ್ಕಕ್ಕೆ ತಲೆಬಾಗಿದನು. ಆದರೆ ಈ ಜಮಾಖರ್ಚಿನ ನಡುವೆಯೇ ಮುಖ್ಯವಾದ ಪ್ರಶ್ನೆಯೊಂದು ಎದ್ದಿತು: ವಿದ್ಯುತ್ ಹರಿಯುವ ತಂತಿ ಬಿಸಿಯಾಗುವುದಷ್ಟೆ; ಆ ಬಿಸಿ ಎಷ್ಟು, ಅದು ಬಂದದ್ದು ಎಲ್ಲಿಂದ?

1840ರಲ್ಲಿ ಆತ ಹೂಡಿದ ಪ್ರಯೋಗವನ್ನು ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಯೂ ಹೂಡಬಹುದು. ಗಾಜಿನ ನಳಿಗೆಗೆ ತಂತಿಯನ್ನು ಸುತ್ತಿ, ಅದನ್ನು ಅಳತೆಯ ನೀರಿದ್ದ ಜಾಡಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ನೀರಿನ ಉಷ್ಣತೆ ಎಷ್ಟು ಏರಿತೆಂದು ನೋಡುವುದು. ವಿದ್ಯುತ್ ಪ್ರವಾಹವನ್ನು ಇಮ್ಮಡಿಗೊಳಿಸಿದರೆ ಉಷ್ಣ ಇಮ್ಮಡಿಯಾಗಲಿಲ್ಲ, ನಾಲ್ಮಡಿಯಾಯಿತು. ತಂತಿಯ ರೋಧ ಹೆಚ್ಚಿದಷ್ಟೂ ಉಷ್ಣ ಅದೇ ಪ್ರಮಾಣದಲ್ಲಿ ಹೆಚ್ಚಿತು. ಇಂದು ಪಠ್ಯಪುಸ್ತಕಗಳಲ್ಲಿ ಜೂಲನ ನಿಯಮವೆಂದು ಕಂಠಪಾಠ ಮಾಡಿಸುವುದು ಇದನ್ನೇ. ಆಗ ಆತನಿಗೆ ಇಪ್ಪತ್ತೆರಡು ತುಂಬುತ್ತಿತ್ತು. ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದ ಪ್ರಬಂಧದ ಸಾರಾಂಶವನ್ನು ಮಾತ್ರ ಅವರು ಅಚ್ಚುಹಾಕಿಸಿದರು.

ಇಲ್ಲಿ ಆ ಕಾಲದ ನಂಬಿಕೆಯನ್ನು ಸ್ವಲ್ಪ ವಿವರಿಸಬೇಕು. ಉಷ್ಣವು ತೂಕವಿಲ್ಲದ, ಕಣ್ಣಿಗೆ ಕಾಣದ ಒಂದು ದ್ರವ. ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಅದು ಹರಿಯುತ್ತದೆ. ಅದನ್ನು ಹೊಸದಾಗಿ ಹುಟ್ಟಿಸಲಾಗದು, ನಾಶಮಾಡಲೂ ಆಗದು ಎಂದು ಬಹುಮಂದಿ ನಂಬಿದ್ದರು. ಆ ದ್ರವಕ್ಕೆ ಕೆಲೋರಿಕ್ ಎಂದು ಹೆಸರು. ಈ ನಂಬಿಕೆ ಮೂಢರದ್ದಾಗಿರಲಿಲ್ಲ. ಅದನ್ನು ಹಿಡಿದೇ ಎಷ್ಟೋ ಪ್ರಯೋಗಗಳ ಲೆಕ್ಕ ಸರಿಯಾಗಿ ಕೂಡುತ್ತಿತ್ತು. ಬಿಸಿನೀರಿಗೆ ತಣ್ಣೀರು ಬೆರೆಸಿದರೆ ಒಂದು ಕಳೆದುಕೊಂಡಷ್ಟನ್ನು ಇನ್ನೊಂದು ಪಡೆಯುತ್ತದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 18ನೆಯ ಶತಮಾನದಲ್ಲಿ ವಿಶಿಷ್ಟೋಷ್ಣವನ್ನೂ ಗುಪ್ತೋಷ್ಣವನ್ನೂ ಕಂಡುಕೊಂಡದ್ದು ಇಂಥ ಜಮಾಖರ್ಚಿನಿಂದಲೇ. 1798ರಲ್ಲಿ ರಮ್‌ಫರ್ಡ್ ಎಂಬಾತ ಮ್ಯೂನಿಕ್ ನಗರದಲ್ಲಿ ಫಿರಂಗಿಯ ನಳಿಗೆ ಕೊರೆಯುವಾಗ ಉಷ್ಣ ಮುಗಿಯದೆ ಹುಟ್ಟುತ್ತಲೇ ಇರುವುದನ್ನು ತೋರಿಸಿ ಆಕ್ಷೇಪವೆತ್ತಿದ್ದನಾದರೂ ಹಳೆಯ ಸಿದ್ಧಾಂತ ಅಲುಗಲಿಲ್ಲ.

ಆ ಜಮಾಖರ್ಚಿನ ಪಾತ್ರೆಗೆ ಕ್ಯಾಲೊರಿಮಾಪಕವೆಂದು ಹೆಸರು. ಹೆಸರು ದೊಡ್ಡದು, ವಸ್ತು ಸರಳ. ತೆಳುವಾದ ತಾಮ್ರದ ಅಥವಾ ಅಲ್ಯುಮಿನಿಯಮ್ಮಿನ ಲೋಟವೊಂದನ್ನು ಅದಕ್ಕಿಂತ ದೊಡ್ಡ ಡಬ್ಬಿಯೊಳಗಿಟ್ಟು, ನಡುವಣ ಸಂದಿಯಲ್ಲಿ ಹತ್ತಿಯನ್ನೋ ಒಣಗಿದ ತೆಂಗಿನ ನಾರನ್ನೋ ತುಂಬಿ, ಮೇಲೆ ಹಲಗೆಯ ಮುಚ್ಚಳವನ್ನಿಟ್ಟು, ಅದರಲ್ಲಿ ಎರಡು ತೂತು ಕೊರೆದರೆ ಆಯಿತು: ಒಂದು ಉಷ್ಣತಾಮಾಪಕಕ್ಕೆ, ಇನ್ನೊಂದು ಕಲಕುವ ಕಡ್ಡಿಗೆ. ಶಿರಸಿಯ ಪೇಟೆಯಲ್ಲಿ ಸಿಗದ ಸಾಮಗ್ರಿ ಇದರಲ್ಲಿ ಯಾವುದೂ ಇಲ್ಲ. ಇದರಲ್ಲಿ 26 ಡಿಗ್ರಿಯ ನೀರು 200 ಗ್ರಾಂ ಇರಲಿ. 200 ಗ್ರಾಂ ತೂಕದ ಕಬ್ಬಿಣದ ಮೊಳೆಗಳನ್ನು ಕುದಿಯುವ ನೀರಿನಲ್ಲಿ ಕಾಯಿಸಿ, ನೀರನ್ನು ಝಾಡಿಸಿ, ತಡಮಾಡದೆ ಇದರೊಳಗೆ ಹಾಕಿದರೆ ನೀರು 33 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಕಬ್ಬಿಣ 65 ಡಿಗ್ರಿ ಇಳಿದರೆ ಅಷ್ಟೇ ತೂಕದ ನೀರು ಏರುವುದು ಏಳೇ ಡಿಗ್ರಿ. ಕಬ್ಬಿಣದ ವಿಶಿಷ್ಟೋಷ್ಣವು ನೀರಿನದರ ಒಂಬತ್ತನೆಯ ಒಂದು ಪಾಲು ಎಂದಾಯಿತು. ಆದರೆ ಜಾಗ್ರತೆ: ಘಟ್ಟದ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ. ಪುಸ್ತಕದಲ್ಲಿ ನೂರು ಎಂದಿದೆಯೆಂದು ನೂರನ್ನೇ ಬರೆದ ವಿದ್ಯಾರ್ಥಿ ಉಷ್ಣತಾಮಾಪಕವನ್ನು ನೋಡಿಲ್ಲವೆಂದು ತಿಳಿಯಬೇಕು. ಲೋಟವೂ ಸ್ವಲ್ಪ ಉಷ್ಣವನ್ನು ತಾನೇ ಹೀರಿಕೊಳ್ಳುತ್ತದೆ, ಗಾಳಿಗೂ ಸ್ವಲ್ಪ ಸೋರಿಹೋಗುತ್ತದೆ. ಈ ಎರಡು ಬಾಬುಗಳನ್ನು ಲೆಕ್ಕಕ್ಕೆ ತರುವುದೇ ಈ ವಿದ್ಯೆಯ ಜೀವಾಳ. ಅದರಲ್ಲಿ ಜೂಲನನ್ನು ಮೀರಿಸಿದವರು ಆಗ ಯಾರೂ ಇರಲಿಲ್ಲ.

ಜೂಲನ ವಾದ ಹೀಗೆ ಸಾಗಿತು. ಉಷ್ಣವು ದ್ರವವಾಗಿದ್ದರೆ, ಒಂದೆಡೆ ಬಿಸಿಯಾದಾಗ ಇನ್ನೊಂದೆಡೆ ಅಷ್ಟೇ ತಣ್ಣಗಾಗಬೇಕು. ಸುರುಳಿಯೊಂದನ್ನು ನೀರು ತುಂಬಿದ ಕೊಳವೆಯಲ್ಲಿ ಮುಚ್ಚಿ, ಅಯಸ್ಕಾಂತದ ಧ್ರುವಗಳ ನಡುವೆ ತಿರುಗಿಸಿ ವಿದ್ಯುತ್ತನ್ನು ಹುಟ್ಟಿಸಿದನು. ಎಲ್ಲಿಯೂ ಏನೂ ತಣ್ಣಗಾಗಲಿಲ್ಲ, ನೀರು ಬಿಸಿಯಾಯಿತು. ತಿರುಗಿಸಲು ತೂಕಗಳನ್ನು ಇಳಿಬಿಟ್ಟು ನೋಡಿದಾಗ, ತೂಕ ಇಳಿದ ದೂರಕ್ಕೂ ಹುಟ್ಟಿದ ಉಷ್ಣಕ್ಕೂ ಸಂಬಂಧ ಕಾಣಿಸಿತು. ಒಂದು ಪೌಂಡ್ ನೀರನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿಯಷ್ಟು ಬಿಸಿಮಾಡಲು 838 ಪೌಂಡ್ ತೂಕ ಒಂದು ಅಡಿ ಇಳಿಯಬೇಕು. 1843ರ ಆಗಸ್ಟಿನಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನದಲ್ಲಿ ಇದನ್ನು ಓದಿದನು. ಸಭೆ ಕೇಳಿ ಸುಮ್ಮನಾಯಿತು. ಮರುವರ್ಷ ಗಾಳಿಯನ್ನು ಅದುಮಿ ಅಳೆದ ಪ್ರಬಂಧವನ್ನು ರಾಯಲ್ ಸೊಸೈಟಿ ಪ್ರಕಟಿಸಲೊಪ್ಪಲಿಲ್ಲ.

ಪಂಡಿತರ ಸಂಶಯಕ್ಕೆ ಕಾರಣವಿಲ್ಲದಿರಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆತನ ಅಂಕಿ ಒಂದು ಪ್ರಯೋಗದಲ್ಲಿ 838, ಇನ್ನೊಂದರಲ್ಲಿ 770, ಮತ್ತೊಂದರಲ್ಲಿ 890. ಮೇಲಾಗಿ ಆತ ತೋರಿಸುತ್ತಿದ್ದುದು ಡಿಗ್ರಿಯ ಅಲ್ಪಸ್ವಲ್ಪ ಭಾಗಗಳನ್ನು. ಕೋಣೆಗೆ ಒಬ್ಬ ಮನುಷ್ಯ ಬಂದು ನಿಂತರೆ ಆಗುವ ವ್ಯತ್ಯಾಸವೇ ಅಷ್ಟಿರುತ್ತದೆಯಲ್ಲ ಎಂದು ಕೇಳಿದರೆ ಏನು ಉತ್ತರ? ಉತ್ತರ ಕೊಡಲು ಉಪಕರಣವನ್ನೇ ತಿದ್ದಬೇಕಾಯಿತು. ಜೂಲನು ಅದಕ್ಕೆ ಆರು ವರ್ಷಗಳನ್ನು ವ್ಯಯಿಸಿದನು.

1845ರಲ್ಲಿ ಮೊದಲು ತೋರಿಸಿದ ಚಕ್ರದ ಪಾತ್ರೆಯು 1849ರ ಹೊತ್ತಿಗೆ ಪರಿಪಕ್ವವಾಯಿತು. ತಾಮ್ರದ ಪಾತ್ರೆ, ಅದರ ನಡುವೆ ನಿಂತ ಹಿತ್ತಾಳೆಯ ಅಚ್ಚಿಗೆ ಎಂಟು ಸಾಲು ರೆಕ್ಕೆಗಳು, ನೀರು ಸುಮ್ಮನೆ ಸುತ್ತಿಕೊಂಡು ಹೋಗದಂತೆ ಪಾತ್ರೆಯ ಗೋಡೆಗೆ ನಾಲ್ಕು ಸಾಲು ತಡೆಹಲಗೆಗಳು. ಮಜ್ಜಿಗೆ ಕಡೆಯುವ ಕಡೆಗೋಲನ್ನು ನೆನೆದರೆ ಇದರ ಸ್ವರೂಪ ಮನಸ್ಸಿಗೆ ಹತ್ತುತ್ತದೆ. ಅಚ್ಚಿಗೆ ಸುತ್ತಿದ ಹಗ್ಗವು ರಾಟೆಗಳ ಮೇಲಿಂದ ಹಾದು ಎರಡು ಸೀಸದ ತೂಕಗಳಿಗೆ ಕಟ್ಟಿತ್ತು. ತಲಾ 29 ಪೌಂಡ್. ಅವು ಐದೂಕಾಲು ಅಡಿ ಮೆಲ್ಲನೆ ಇಳಿಯುವವು, ಮತ್ತೆ ಸುತ್ತಿ ಮೇಲೇರಿಸುವುದು. ಹೀಗೆ ಇಪ್ಪತ್ತು ಸಾರಿ. ಒಂದು ಪ್ರಯೋಗಕ್ಕೆ ಸುಮಾರು 35 ನಿಮಿಷ. ಇಷ್ಟೆಲ್ಲ ಆದ ಮೇಲೆ ನೀರಿನ ಉಷ್ಣತೆ ಏರುತ್ತಿದ್ದುದು ಫ್ಯಾರನ್‌ಹೀಟ್ ಮಾನದಲ್ಲಿ ಅರ್ಧ ಡಿಗ್ರಿಗೆ ತುಸು ಹೆಚ್ಚು. ಸೆಂಟಿಗ್ರೇಡಿನಲ್ಲಿ ಹೇಳುವುದಾದರೆ ಮೂರನೆಯ ಒಂದು ಪಾಲು.

ಈ ಅರ್ಧ ಡಿಗ್ರಿಯನ್ನು ಕಾಪಾಡಲು ಆತ ವಹಿಸಿದ ಎಚ್ಚರವೇ ಎಚ್ಚರ. ಅಚ್ಚಿನ ಮೂಲಕ ಉಷ್ಣ ಸೋರಬಾರದೆಂದು ನಡುವೆ ಮರದ ತುಂಡನ್ನು ಕೂಡಿಸಿದನು. ತನ್ನ ಮೈಯ ಬಿಸಿ ಪಾತ್ರೆಗೆ ತಾಗಬಾರದೆಂದು ದೊಡ್ಡ ಮರದ ಪರದೆಯ ಹಿಂದೆ ನಿಂತನು. ಉಷ್ಣತೆ ಬೇಗ ಬದಲಾಗದ ನೆಲಮಾಳಿಗೆಯನ್ನು ಆರಿಸಿಕೊಂಡನು. ಮ್ಯಾಂಚೆಸ್ಟರಿನ ಕುಶಲಿ ಜಾನ್ ಡ್ಯಾನ್ಸರ್‌ನಿಂದ ಮಾಡಿಸಿದ ಉಷ್ಣತಾಮಾಪಕದಲ್ಲಿ ಡಿಗ್ರಿಯ ಇನ್ನೂರನೆಯ ಒಂದು ಭಾಗದವರೆಗೆ ಓದುವ ಅಭ್ಯಾಸ ಆತನ ಕಣ್ಣಿಗಿತ್ತು. ರಾಟೆಯಲ್ಲಿ ವ್ಯರ್ಥವಾಗುವ ಬಲವನ್ನೂ, ತಾಮ್ರ ಹಿತ್ತಾಳೆಗಳು ಹೀರುವ ಉಷ್ಣವನ್ನೂ, ತೂಕಗಳು ನೆಲ ಮುಟ್ಟುವಾಗ ಉಳಿದಿರುವ ವೇಗವನ್ನೂ ಲೆಕ್ಕಕ್ಕೆ ತಂದನು. ತೂಕಗಳನ್ನು ಬಿಡದೆಯೇ ಅಷ್ಟೇ ಹೊತ್ತು ಪಾತ್ರೆಯನ್ನು ಹಾಗೆಯೇ ಇಟ್ಟು, ಕೋಣೆಯ ಗಾಳಿಯಿಂದ ಎಷ್ಟು ಏರಿತು ಅಥವಾ ಇಳಿಯಿತೆಂದು ಪ್ರತ್ಯೇಕವಾಗಿ ನೋಡಿದನು. ಇಂಥ ನಲವತ್ತು ಪ್ರಯೋಗಗಳು ನೀರಿನಲ್ಲಿ, ಆಮೇಲೆ ಪಾದರಸದಲ್ಲಿ, ಆಮೇಲೆ ಕಬ್ಬಿಣಕ್ಕೆ ಕಬ್ಬಿಣವನ್ನು ಉಜ್ಜಿ. ನೀರಾದರೇನು ಪಾದರಸವಾದರೇನು, ಅಂಕಿ ಬಹುತೇಕ ಒಂದೇ ಬಂದಿತು. ಆತ ನಿಲ್ಲಿಸಿದ್ದು 772ರಲ್ಲಿ. ಇಂದಿನ ಮಾನದಲ್ಲಿ ಅದು ಒಂದು ಕ್ಯಾಲೊರಿಗೆ 4.15 ಜೂಲ್, ಈಗ ನಾವು ಕಲಿಸುವುದು 4.18 ಅಥವಾ 4.19. ನೆಲಮಾಳಿಗೆಯಲ್ಲಿ ಮಾಡಿದ ಅಳತೆಗೆ ನೂರಕ್ಕೆ ಒಂದರಷ್ಟೂ ಅಂತರವಿಲ್ಲ.

ಈ ನಡುವೆ 1847ರಲ್ಲಿ ಆತನ ಭಾಗ್ಯ ತಿರುಗಿತು. ಏಪ್ರಿಲಿನಲ್ಲಿ ಮ್ಯಾಂಚೆಸ್ಟರಿನ ಚರ್ಚೊಂದರ ವಾಚನಾಲಯದಲ್ಲಿ ತನ್ನ ವಿಚಾರವನ್ನೆಲ್ಲ ಜನಸಾಮಾನ್ಯರಿಗೆ ವಿವರಿಸಿ ಭಾಷಣ ಮಾಡಿದನು. ಅದನ್ನು ಅಚ್ಚುಹಾಕಲು ಸಿಕ್ಕಿದ್ದು ಊರಿನ ವೃತ್ತಪತ್ರಿಕೆ ಮಾತ್ರ. ಜೂನ್ ತಿಂಗಳಿನಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನದಲ್ಲಿ ಅಧ್ಯಕ್ಷರು ವೇಳೆಯಿಲ್ಲವೆಂದು ಸಂಕ್ಷೇಪವಾಗಿ ಹೇಳಲು ಆಜ್ಞಾಪಿಸಿದರು. ಈ ಸಲವೂ ಮೌನವೇ ಗತಿಯಾಗುತ್ತಿತ್ತೇನೋ. ಆದರೆ ಸಭೆಯಲ್ಲಿ ಇಪ್ಪತ್ತಮೂರರ ಪ್ರಾಯದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ ಇದ್ದನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಖ್ಯಾತನಾದವನು ಇವನೇ. ಜೂಲನದು ತಪ್ಪೆಂದು ತೋರಿಸಬೇಕೆಂಬ ಮನಸ್ಸಿನಿಂದಲೇ ಕೇಳತೊಡಗಿದ ಥಾಮ್ಸನ್, ಕೇಳುತ್ತ ಕೇಳುತ್ತ ಇದರಲ್ಲಿ ತಳ್ಳಿಹಾಕಲಾಗದ ಸತ್ಯವಿದೆಯೆಂದು ಮನಗಂಡನು. ಪೂರ್ತಿಯಾಗಿ ಒಪ್ಪಲು ಆತನಿಗೂ ಕೆಲವು ವರ್ಷಗಳು ಬೇಕಾದವು.

ಅದೇ ಆಗಸ್ಟಿನಲ್ಲಿ ಜೂಲನು ಅಮೀಲಿಯಾ ಗ್ರೈಮ್ಸ್ ಎಂಬಾಕೆಯನ್ನು ವಿವಾಹವಾಗಿ, ನವವಧುವಿನೊಡನೆ ಆಲ್ಪ್ಸ್ ಪರ್ವತಸೀಮೆಗೆ ಪ್ರವಾಸ ಹೋದನು. ಅಲ್ಲಿ ದಾರಿಯಲ್ಲಿ ಥಾಮ್ಸನ್ ಅನಿರೀಕ್ಷಿತವಾಗಿ ಎದುರಾದನು. ಹಿಂದೆ ಗಾಡಿಯಲ್ಲಿ ಮಡದಿ, ಮುಂದೆ ಕೈಯಲ್ಲಿ ಉದ್ದನೆಯ ಉಷ್ಣತಾಮಾಪಕ ಹಿಡಿದು ನಡೆದು ಬರುತ್ತಿರುವ ಜೂಲ್! ಥಾಮ್ಸನ್ ಎಷ್ಟೋ ವರ್ಷಗಳ ಮೇಲೆ ಚಿತ್ರಿಸಿದ ಈ ದೃಶ್ಯದ ವಿವರಗಳನ್ನು ಇತಿಹಾಸಕಾರರು ಸಂಶಯಿಸುವುದುಂಟು. ಇಬ್ಬರೂ ಸೇರಿ ಸಲ್ಲಾಂಶ್ ಎಂಬಲ್ಲಿನ ಜಲಪಾತದ ಮೇಲೂ ಕೆಳಗೂ ಉಷ್ಣತೆಯನ್ನು ಹೋಲಿಸಲು ಯತ್ನಿಸಿದರು. ನೀರೆಲ್ಲ ತುಂತುರಾಗಿ ಚದುರಿಹೋಗುತ್ತಿದ್ದುದರಿಂದ ಪ್ರಯತ್ನ ವಿಫಲವಾಯಿತು. ತುಂತುರು ಆವಿಯಾಗುವಾಗ ನೀರು ತಣ್ಣಗಾಗುತ್ತದೆ. ಬಿದ್ದ ರಭಸ ಕೊಟ್ಟ ಉಷ್ಣವನ್ನು ಅದು ಕಸಿದುಕೊಳ್ಳುತ್ತದೆ. ಜೋಗದಲ್ಲಿ 0.59 ಡಿಗ್ರಿಯನ್ನು ಹುಡುಕಹೊರಟವನಿಗೂ ಇದೇ ಗತಿಯಾದೀತು. ಕೆಪ್ಪಜೋಗವೆಂದು ನಮ್ಮವರು ಕರೆಯುವ ಉಂಚಳ್ಳಿಯಲ್ಲಂತೂ ಕಿವಿಗಡಚಿಕ್ಕುವ ಆ ಸದ್ದಿನಲ್ಲಿಯೂ ಶಕ್ತಿಯ ಒಂದು ಅಲ್ಪಾಂಶ ಹೊರಟುಹೋಗುತ್ತದೆ.

ಜಲಪಾತಕ್ಕೆ ಹೋಗಲಾಗದವರಿಗೆ ಶಾಲೆಯಲ್ಲೇ ಒಂದು ಉಪಾಯವುಂಟು. ಒಂದು ಮೀಟರ್ ಉದ್ದದ ದಪ್ಪ ರಟ್ಟಿನ ಕೊಳವೆಯಲ್ಲಿ ಸೀಸದ ಸಣ್ಣ ಗುಂಡುಗಳನ್ನು ಹಾಕಿ, ಎರಡೂ ಬಾಯಿಗೆ ಬಿರಡೆಯಿಟ್ಟು, ನೂರು ಸಲ ತಲೆಕೆಳಗು ಮಾಡಿದರೆ ಗುಂಡುಗಳು ಒಟ್ಟು ನೂರು ಮೀಟರ್ ಬಿದ್ದಂತಾಯಿತು. ಸೀಸದ ವಿಶಿಷ್ಟೋಷ್ಣ ಬಹಳ ಕಡಿಮೆಯಾದುದರಿಂದ ಲೆಕ್ಕದ ಪ್ರಕಾರ ಉಷ್ಣತೆ ಏಳೂವರೆ ಡಿಗ್ರಿಗೂ ಮಿಕ್ಕಿ ಏರಬೇಕು. ಕೊಳವೆಗೆ ಸೋರಿದ್ದು ಹೋಗಿ ದೊರೆಯುವುದು ಅದಕ್ಕಿಂತ ಕಡಿಮೆ. ಗುಂಡುಗಳನ್ನು ತೂಗುವ ಅಗತ್ಯವೇ ಇಲ್ಲವೆಂಬುದನ್ನು ವಿದ್ಯಾರ್ಥಿಗಳೇ ಕಂಡುಹಿಡಿಯುವಂತೆ ಅಧ್ಯಾಪಕರು ಬಿಟ್ಟರೆ ಒಳ್ಳೆಯದು. ಸೀಸವನ್ನು ಮುಟ್ಟಿದ ಕೈಯನ್ನು ತೊಳೆಯಲು ಮಾತ್ರ ಮರೆಯಬಾರದು.

1849ರ ಪ್ರಬಂಧವನ್ನು ರಾಯಲ್ ಸೊಸೈಟಿಯ ಮುಂದಿಟ್ಟವನು ಮೈಕೆಲ್ ಫ್ಯಾರಡೆ. ಅದು 1850ರಲ್ಲಿ ಅಚ್ಚಾಯಿತು. ಆದರೆ ಪರಿಶೀಲಕರ ಇಚ್ಛೆಯಂತೆ, ಘರ್ಷಣೆಯೆಂದರೆ ಬಲವು ಉಷ್ಣವಾಗಿ ಮಾರ್ಪಡುವುದೇ ಎಂಬ ಕೊನೆಯ ನಿರ್ಣಯವನ್ನು ಅದರಿಂದ ಕೈಬಿಡಬೇಕಾಯಿತು. ಅಂಕಿಯನ್ನು ಒಪ್ಪಿದವರು ಅದರ ಅರ್ಥವನ್ನು ಒಪ್ಪಲು ಇನ್ನೂ ಹಿಂಜರಿಯುತ್ತಿದ್ದರು. ಅದೇ ವರ್ಷ ಜೂಲನನ್ನು ಸೊಸೈಟಿಯ ಸದಸ್ಯನನ್ನಾಗಿ ಆರಿಸಿದರು.

ಇದೇ ಸತ್ಯವನ್ನು ಬೇರೊಂದು ದಾರಿಯಿಂದ ಕಂಡ ಜರ್ಮನಿಯ ವೈದ್ಯ ರಾಬರ್ಟ್ ಮೇಯರ್‌ನನ್ನು ಇಲ್ಲಿ ಮರೆಯುವಂತಿಲ್ಲ. ಹಡಗಿನ ವೈದ್ಯನಾಗಿ 1840ರಲ್ಲಿ ಜಾವಾಕ್ಕೆ ಬಂದಾಗ, ಉಷ್ಣದೇಶದಲ್ಲಿ ನಾವಿಕರ ಅಭಿಧಮನಿಯ ರಕ್ತ ಹೆಚ್ಚು ಕೆಂಪಾಗಿರುವುದನ್ನು ಕಂಡು, ದೇಹದ ಶಾಖ, ಆಹಾರ, ದುಡಿಮೆ ಈ ಮೂರರ ಸಂಬಂಧವನ್ನು ಚಿಂತಿಸಿ, 1842ರಲ್ಲಿಯೇ ಲೇಖನ ಪ್ರಕಟಿಸಿದ್ದನು. ಯಾರು ಮೊದಲೆಂಬ ವಿವಾದ ದೇಶಾಭಿಮಾನದ ಬಣ್ಣ ಪಡೆದು ಬಹುಕಾಲ ನಡೆಯಿತು. ಅವಗಣನೆಯಿಂದ ನೊಂದ ಮೇಯರ್ 1850ರಲ್ಲಿ ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದನು. ವಿಚಾರದಲ್ಲಿ ಮೇಯರ್ ಮುಂದು, ಅಳತೆಯಲ್ಲಿ ಜೂಲ್ ಮುಂದು ಎಂದು ನನ್ನ ಅಭಿಪ್ರಾಯ. ರಾಯಲ್ ಸೊಸೈಟಿಯು ತನ್ನ ಶ್ರೇಷ್ಠ ಪುರಸ್ಕಾರವಾದ ಕಾಪ್ಲೀ ಪದಕವನ್ನು 1870ರಲ್ಲಿ ಜೂಲನಿಗೂ 1871ರಲ್ಲಿ ಮೇಯರನಿಗೂ ಕೊಟ್ಟಿತು.

ಗೃಹಸ್ಥನಾಗಿ ಜೂಲನ ಸುಖ ಅಲ್ಪಕಾಲದ್ದು. 1854ರಲ್ಲಿ ಮಡದಿಯೂ ಆಗತಾನೇ ಹುಟ್ಟಿದ ಕೂಸೂ ತೀರಿಕೊಂಡರು. ಒಬ್ಬ ಮಗ, ಒಬ್ಬ ಮಗಳು ಉಳಿದರು. ಅದೇ ವರ್ಷ ಕಾರ್ಖಾನೆಯೂ ಮಾರಾಟವಾಯಿತು. ಮೊದಲೇ ಮಿತಭಾಷಿಯಾದವನು ಮತ್ತಷ್ಟು ಒಳಸರಿದನು. ಥಾಮ್ಸನ್‌ನೊಡನೆ ಪತ್ರಮುಖೇನ ನಡೆದ ಸಹಯೋಗ ಮಾತ್ರ ನಿಲ್ಲಲಿಲ್ಲ. ಒತ್ತಡದ ಅನಿಲವು ಸಣ್ಣ ರಂಧ್ರದ ಮೂಲಕ ಹಿಗ್ಗುವಾಗ ಸಾಮಾನ್ಯವಾಗಿ ತಣ್ಣಗಾಗುತ್ತದೆಂಬುದನ್ನು ಇಬ್ಬರೂ 1852ರಿಂದ ಹತ್ತು ವರ್ಷ ಅಳೆದರು. ಮುಂದೆ ಗಾಳಿಯನ್ನು ದ್ರವವಾಗಿಸಿದ ಯಂತ್ರಗಳ ಬುಡದಲ್ಲಿರುವುದು ಈ ತತ್ವವೇ. ಪ್ರಯೋಗಕ್ಕಾಗಿ ಮನೆಯ ಬಳಿ ಇಟ್ಟುಕೊಂಡ ಉಗಿಯಂತ್ರದ ಗದ್ದಲವನ್ನು ನೆರೆಹೊರೆಯವರು ಸಹಿಸಲಿಲ್ಲವಾಗಿ ಅದನ್ನು ನಿಲ್ಲಿಸಬೇಕಾಯಿತು.

ವೃದ್ಧಾಪ್ಯದ ಒಂದು ಘಟನೆ ಆತನ ಅಳತೆಯ ಬಲವನ್ನು ಚೆನ್ನಾಗಿ ತೋರಿಸುತ್ತದೆ. 1867ರಲ್ಲಿ, ವಿದ್ಯುತ್ತಿನ ಮೂಲಕ ಅದೇ ಅಂಕಿಯನ್ನು ಮತ್ತೆ ಅಳೆದಾಗ 783 ಬಂದಿತು. ತನ್ನ ಹಳೆಯ 772 ತಪ್ಪೋ, ವಿದ್ವಾಂಸರ ಸಮಿತಿಯು ಗೊತ್ತುಪಡಿಸಿದ್ದ ವಿದ್ಯುತ್ ರೋಧದ ಮಾನ ತಪ್ಪೋ? ಜೂಲನು ವಾದಕ್ಕಿಳಿಯಲಿಲ್ಲ. ಮತ್ತೆ ಚಕ್ರ, ಮತ್ತೆ ತೂಕ, ಮತ್ತೆ ಉಷ್ಣತಾಮಾಪಕ. ಅರವತ್ತರ ಹೊಸ್ತಿಲಲ್ಲಿ, 1878ರಲ್ಲಿ ಪ್ರಕಟಿಸಿದ ಫಲ 772.55. ತಪ್ಪಿದ್ದುದು ರೋಧದ ಮಾನವೇ ಎಂದು ಮುಂದೆ ಸಿದ್ಧವಾಯಿತು.

ಅಷ್ಟರಲ್ಲಿ ಕೈಯ ಹಣ ಕರಗಿತ್ತು. ಜೀವನವಿಡೀ ಸ್ವಂತ ಹಣದಿಂದ ಪ್ರಯೋಗ ಮಾಡಿದವನಿಗೆ 1878ರಲ್ಲಿ ಸರಕಾರವು ವರ್ಷಕ್ಕೆ 200 ಪೌಂಡ್‌ಗಳ ವಿಶ್ರಾಂತಿವೇತನವನ್ನು ಗೊತ್ತುಮಾಡಿತು. ಶಕ್ತಿಯ ಮಾನಕ್ಕೆ ಆತನ ಹೆಸರನ್ನಿಡಬೇಕೆಂದು 1882ರಲ್ಲಿ ಎದ್ದ ಸಲಹೆಯನ್ನು 1889ರ ಪ್ಯಾರಿಸ್ ವಿದ್ಯುತ್ ಸಮ್ಮೇಳನವು ಅಂಗೀಕರಿಸಿತು. ಉಷ್ಣಕ್ಕೂ ಕೆಲಸಕ್ಕೂ ಅದೊಂದೇ ಮಾನವೆಂದು 1948ರಲ್ಲಿ ಅಂತರರಾಷ್ಟ್ರೀಯ ತೂಕ ಅಳತೆಗಳ ಸಭೆ ನಿರ್ಧರಿಸಿತು.

1889ರ ಅಕ್ಟೋಬರ್ 11ರಂದು ಮ್ಯಾಂಚೆಸ್ಟರಿನ ಬಳಿಯ ಸೇಲ್ ಎಂಬಲ್ಲಿ ಜೂಲನು ನಿಧನನಾದನು. ಬ್ರೂಕ್‌ಲ್ಯಾಂಡ್ಸ್ ಶ್ಮಶಾನದಲ್ಲಿರುವ ಆತನ ಸಮಾಧಿಯ ಕಲ್ಲಿನ ಮೇಲೆ 772.55 ಎಂಬ ಅಂಕಿಯನ್ನು ಕೆತ್ತಿದ್ದಾರೆ. ಈಗಿನ ಗಣನೆಯಂತೆ ಅದು 778ಕ್ಕೆ ಸಮೀಪ. ಉಳಿದ ಆ ಸಣ್ಣ ವ್ಯತ್ಯಾಸದ ಬಹುಪಾಲು ಚಕ್ರದ್ದೂ ಅಲ್ಲ, ತೂಕದ್ದೂ ಅಲ್ಲ. ಆ ಕಾಲದ ಪಾದರಸದ ಉಷ್ಣತಾಮಾಪಕದ್ದು ಎಂದು ಅಮೆರಿಕದ ಹೆನ್ರಿ ರೌಲೆಂಡ್, ಜೂಲನ ಉಷ್ಣತಾಮಾಪಕವನ್ನೇ ತನ್ನದರೊಡನೆ ಹೋಲಿಸಿ, ಆತ ಬದುಕಿರುವಾಗಲೇ ತೋರಿಸಿಕೊಟ್ಟಿದ್ದನು.